ಮೊದಲು ಯಾವುದನ್ನು ಉಳಿಸೋಣ, ಮೇಡಂ?

ಭಾನುವಾರ ಸಂಜೆ ನನ್ನ ಚಿತ್ರಗಳ ಪ್ರದರ್ಶನ ಮುಗಿಯಿತು. ಮೂರು ದಿನ, ಇಪ್ಪತ್ತು ಜಲವರ್ಣ ಚಿತ್ರ. ಎಲ್ಲಾ ನಮ್ಮ ಚಿತ್ರದುರ್ಗದ ಕಲ್ಲು, ಕೋಟೆ, ಹೊಂಡಗಳೇ. ಬಂದವರಿಗೆ ಅಲ್ಲೇ ನಿಂತು ನಾಲ್ಕು ಮಾತು ಹೇಳಬೇಕಿತ್ತು. ಮೈಕ್ ಕೊಟ್ಟರು, ಗಂಟಲು ಕಟ್ಟಿತು. ಹೇಳಬೇಕಾಗಿದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 33 ವರ್ಷ ದುಡಿದವಳು ನಾನು. ಸೇರಿದ್ದು 1987ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಕಿತ್ತೂರಿನಲ್ಲಿ ಶುರುವಾಗಿತ್ತು. 128 ಪೋರ್ಟಿನ ಪುಟ್ಟ ಯಂತ್ರ, ಎಸಿ ಇಲ್ಲದೆಯೂ ನಡೆಯುತ್ತಿತ್ತು. ಆಮೇಲೆ ನಮ್ಮ ಕಡೆಯ ಹಳ್ಳಿಗಳಿಗೂ ಅಂಥವು ಬಂದವು. ನಾನೂ ಅವುಗಳ ಹಿಂದೆ ಊರೂರು ಸುತ್ತಿದೆ. ಕೇಬಲ್ ಬಿಚ್ಚಿದರೆ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಒಂದೊಂದರ ಜೊತೆಗೂ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಐದೈದಲೆ ಇಪ್ಪತ್ತೈದು ಜೋಡಿ. ಸಂಜೆಗತ್ತಲಲ್ಲಿ ಜಾಯಿಂಟ್ ಹಾಕುವಾಗ ಕಂದು ಯಾವುದು, ಕಿತ್ತಳೆ ಯಾವುದು ಅಂತ ನೋಡಿ ನೋಡಿ ಕಣ್ಣು ಪಳಗಿತು. ನಾನು ಬಣ್ಣ ಬಿಟ್ಟಿದ್ದೆ, ಬಣ್ಣ ನನ್ನನ್ನು ಬಿಟ್ಟಿರಲಿಲ್ಲ ಅಂತ ಈಗ ಅನಿಸುತ್ತದೆ.

ಹುಡುಗಿಯಾಗಿದ್ದಾಗ ದಾವಣಗೆರೆಯ ಚಿತ್ರಕಲಾ ಕಾಲೇಜಿಗೆ ಸೇರುವ ಆಸೆ ಇತ್ತು. 1964ರಲ್ಲಿ ಶುರುವಾದ ಆ ಕಾಲೇಜಿನ ಗೇಟಿನ ತನಕ ಅಕ್ಕ ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿದ್ದಳು. ಆದರೆ ಮನೆಗೆ ಬೇಗ ಒಂದು ಸಂಬಳ ಬೇಕಿತ್ತು. ಅಪ್ಪನ ಮೇಲೆ ನನಗೆ ಆಗಲೂ ಬೇಸರವಿರಲಿಲ್ಲ, ಈಗಲೂ ಇಲ್ಲ. ಅಕ್ಕ ಈಗಿಲ್ಲ, ಆ ವಿಷಯ ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಇಲ್ಲಿ ಬರೆಯುವ ಶಕ್ತಿ ನನಗಿಲ್ಲ.

ಪ್ರತಿ ಭಾನುವಾರ ಬೆಳಗ್ಗೆ ನನ್ನ ಜೊತೆ ದುರ್ಗದ ಬಸ್ ಹತ್ತಿದ ಗೆಳತಿಯರು, ಚಿತ್ರ ತೂಗುಹಾಕಲು ಏಣಿ ಹತ್ತಿದ ಹುಡುಗ ಹುಡುಗಿಯರು, ಮೂರೂ ದಿನ ಮಂಡಕ್ಕಿ ಮಿರ್ಚಿ ಹೊತ್ತು ತಂದ ನಾದಿನಿ, ಹಳೇ ಸಹೋದ್ಯೋಗಿಗಳು, ಒಂದು ದಿನವೂ 'ಈ ವಯಸ್ಸಲ್ಲಿ ಯಾಕೆ' ಅನ್ನದ ನಮ್ಮ ಮನೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ದಾವಣಗೆರೆ ಮಂಡಿಪೇಟೆಯ ಗಾಜಿನ ಅಂಗಡಿ ಅಣ್ಣನ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ. ಅದಕ್ಕೇ ಹಾಕಿಲ್ಲ.

ಒಟ್ಟು ಇಪ್ಪತ್ತೆರಡು ಚಿತ್ರ ಇತ್ತು. ಹದಿಮೂರಕ್ಕೆ ಅವರು ಚೌಕಟ್ಟು ಹಾಕಿ ಅಂಗಡಿಯಲ್ಲೇ ಇಟ್ಟುಕೊಂಡಿದ್ದರು. ಒಂಬತ್ತು ನನ್ನ ಹತ್ತಿರ ಇದ್ದವು. ಸಹಿ ಹಾಕಿ ಬೆಳಗ್ಗೆ ಬೇಗ ಕೊಡುತ್ತೇನೆ ಅಂತ ಮಂಚದ ಮೇಲೆ ಜೋಡಿಸಿದ್ದೆ. ಪ್ರದರ್ಶನದ ಮುನ್ನಾದಿನ, ಗುರುವಾರ ರಾತ್ರಿ ಊಟ ಮುಗಿಸಿ ಕೋಣೆಗೆ ಹೋದರೆ ಸೂರಿನಿಂದ ನೀರು ಸುರಿಯುತ್ತಿತ್ತು. ಟ್ಯಾಂಕಿನ ಪೈಪು ಒಡೆದಿತ್ತು. ಒಂಬತ್ತೂ ನೆನೆದು ಒಂದಕ್ಕೊಂದು ಅಂಟಿದ್ದವು.

ನಾನು ಅಣ್ಣನಿಗೆ ಫೋನ್ ಮಾಡಿದ್ದು ಸಹಾಯಕ್ಕಲ್ಲ. ಉಳಿದ ಒಂಬತ್ತು ಬರೋದಿಲ್ಲ, ಕಾಯಬೇಡಿ ಅಂತ ಹೇಳಲು. ಇಪ್ಪತ್ತು ನಿಮಿಷಕ್ಕೆ ಬಾಗಿಲು ಬಡಿದರು. ಮೊಪೆಡ್ ಮೇಲೆ ಗಾಜಿನ ಹಲಗೆ, ಬಿಳಿ ಕಾಗದದ ದೊಡ್ಡ ಸುರುಳಿ, ಎರಡು ಹಳೇ ಪಂಚೆ. ಆಗಲೇ ಹತ್ತೂವರೆ.

ನಾನು ನೆಲದ ಮೇಲೆ ಕೂತಿದ್ದೆ. "ಬಿಡಿ ಅಣ್ಣ, ಸುಮ್ನೆ ಟೈಮ್‌ಪಾಸ್‌ಗೆ ಬರೆದಿದ್ದು. ನಾಳೆ ಕ್ಯಾನ್ಸಲ್ ಮಾಡೋಣ" ಅಂದೆ. ಅವರು ಸಮಾಧಾನ ಹೇಳಲಿಲ್ಲ. ತೋಳು ಮಡಚಿ ಕೇಳಿದರು: "ಮೊದಲು ಯಾವುದನ್ನು ಉಳಿಸೋಣ, ಮೇಡಂ?"

ನನ್ನ ಕೈ ತಾನಾಗಿ ಕೋಟೆಯ ಅಕ್ಕತಂಗಿ ಹೊಂಡದ ಚಿತ್ರದ ಕಡೆ ಹೋಯಿತು. ಆಗ ಅಳು ಬಂತು. ಅಕ್ಕ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಆ ಹೊಂಡದ ಮೆಟ್ಟಿಲ ಮೇಲೆ ಇಬ್ಬರೂ ಕೂತು ಒಂದೇ ಬಣ್ಣದ ಡಬ್ಬಿಯಲ್ಲಿ ಚಿತ್ರ ಬರೆದವರು. ಅಣ್ಣ ಯಾಕೆ ಅಂತ ಕೇಳಲಿಲ್ಲ. ಎದ್ದು ಹೋಗಲೂ ಇಲ್ಲ. ನಾನು ಅಳುವಷ್ಟು ಹೊತ್ತು ಅವರು ಆ ಕಾಗದದ ಅಂಚನ್ನು ಉಗುರಿನ ತುದಿಯಲ್ಲಿ ಒಂದೊಂದೇ ಎಳೆ ಬಿಡಿಸುತ್ತಿದ್ದರು.

ಆಮೇಲೆ ನಾನೂ ಎದ್ದೆ. ಹೇರ್ ಡ್ರೈಯರ್ ತಂದರೆ ಬೇಡ ಅಂದರು, ಬಿಸಿ ಗಾಳಿಗೆ ಕಾಗದ ಸುರುಟಿಕೊಳ್ಳುತ್ತದೆ. ನ್ಯೂಸ್‌ಪೇಪರೂ ಬೇಡ, ಅದರ ಮಸಿ ಅಂಟುತ್ತದೆ. ಪಂಚೆ ಮಡಚಿ ಮೇಲಿಂದ ಒತ್ತಬೇಕು, ಉಜ್ಜಬಾರದು. ಹಸಿ ಹೀರಿದ ಮೇಲೆ ಬಿಳಿ ಕಾಗದದ ನಡುವೆ ಇಟ್ಟು ಮೇಲೆ ಗಾಜಿನ ಭಾರ. ಅರ್ಧ ಗಂಟೆಗೊಮ್ಮೆ ಕಾಗದ ಬದಲಿಸಬೇಕು. ರಾತ್ರಿಯಿಡೀ ಇದೇ. ನನ್ನದು 300 ಜಿಎಸ್ಎಂನ ದಪ್ಪ ಹತ್ತಿ ಕಾಗದ, ತೆಳು ಕಾಗದವಾಗಿದ್ದರೆ ಅಲ್ಲೇ ಹರಿದುಹೋಗುತ್ತಿತ್ತು. ಹತ್ತಿ ಮಿಲ್ಲುಗಳ ಊರಿನಲ್ಲಿ ಹತ್ತಿಯೇ ಕೈಹಿಡಿಯಿತು, ಅಲ್ವಾ?

ಕಲ್ಲಿನ ಬೂದು ಬಣ್ಣಕ್ಕೆ ನಾನು ಯಾವಾಗಲೂ ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣದ ಜೊತೆ ಅಲ್ಟ್ರಾಮರೀನ್ ನೀಲಿ ಬೆರೆಸುತ್ತೇನೆ. ಒಣಗಿದ ಮೇಲೆ ಆ ನೀಲಿ ಸಣ್ಣ ಹರಳಿನ ಹಾಗೆ ಕಾಗದದ ಗುಳಿಯಲ್ಲಿ ಕೂರುತ್ತದೆ, ಬಂಡೆಯ ಮೈ ಬರುತ್ತದೆ. ಆದರೆ ಅದು ನೀರು ಬಿದ್ದರೆ ಮತ್ತೆ ಏಳುವ ಬಣ್ಣ. ಹೊಂಡದ ನೀಲಿ ಎದ್ದು ಮೆಟ್ಟಿಲ ಮೇಲೆ ಹರಿದಿತ್ತು. ನಸುಕಿನಲ್ಲಿ ಕುಂಚ ತೆಗೆದೆ, ಸರಿಮಾಡೋಣ ಅಂತ. ಅಣ್ಣ ತಡೆದರು. "ಮಳೆಗಾಲದಲ್ಲಿ ಹೊಂಡ ಹಿಂಗೇ ತುಂಬುತ್ತಲ್ಲ ಮೇಡಂ. ಚಿತ್ರ ಚೆನ್ನಾಗಿದೆ, ಮುಟ್ಟಬೇಡಿ."

'ಚಿತ್ರ' ಅಂದರು. ನನ್ನ ಬಾಯಲ್ಲಿ ಅಲ್ಲಿಯ ತನಕ ಟೈಮ್‌ಪಾಸ್, ಹವ್ಯಾಸ, ಏನೋ ಒಂದು. ತನ್ನ ನಿದ್ದೆ ಬಿಟ್ಟು ಒಬ್ಬ ಮನುಷ್ಯ ಅದನ್ನು ಚಿತ್ರ ಅಂತ ಕರೆದ ಮೇಲೆ ನಾನು ಮತ್ತೆ ಆ ಮಾತು ಆಡಿಲ್ಲ.

ಏಳು ಉಳಿದವು, ಎರಡು ಹೋದವು. ಹೋದ ಎರಡೂ ಚಂದ್ರವಳ್ಳಿ ಕೆರೆಯವು. ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಅಣ್ಣ ಕೊನೆಯ ಮೊಳೆ ಹೊಡೆದು, ಟೀ ಕೂಡ ಕುಡಿಯದೆ ಅಂಗಡಿ ತೆರೆಯಲು ಹೋದರು. ಆ ರಾತ್ರಿಗೆ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಚೌಕಟ್ಟಿನ ದುಡ್ಡು ಮಾತ್ರ ಸಾಕಂತೆ.

ಹೊಂಡದ ಚಿತ್ರವನ್ನು ಇಬ್ಬರು ಕೇಳಿದರು. ಕೊಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅವಸರದಲ್ಲಿ ಹಾಕಿದ ಗಾಜಿನಲ್ಲಿ ಒಂದು ಗೀರು ಇದೆ ಅಂತ ಅಣ್ಣ ಅದನ್ನು ವಾಪಸ್ ಅಂಗಡಿಗೆ ಒಯ್ದಿದ್ದಾರೆ. ಗುರುವಾರ ಬನ್ನಿ ಅಂದಿದ್ದಾರೆ. ಹೋಗುತ್ತೇನೆ, ಈ ಸಲ ಟೀ ಫ್ಲಾಸ್ಕ್ ಹಿಡಿದುಕೊಂಡು.