ಬ್ರೇಕ್ ಪೆಡಲ್ ಮೆತ್ತಗಾಗಿದೆ ಎಂದವಳಿಗೆ

ಚಿ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿದೆ, ಎರಡು ಮೂರು ಸಲ ಪಂಪ್ ಮಾಡಿದರೆ ಹಿಡಿಯುತ್ತದೆ, ಹಾಗೇ ಓಡಿಸುತ್ತಿದ್ದೇನೆ ಎಂದು ಬರೆದಿದ್ದೀಯ. ಕೊನೆಯ ಆ ಮಾತು ಓದಿ ನನಗೆ ಗಾಬರಿಯಾಯಿತು. ಕಾರನ್ನು ಇವತ್ತೇ ನಿಲ್ಲಿಸಮ್ಮ. ಯಾರಾದರೂ ತಟ್ಟನೆ ಅಡ್ಡ ಬಂದಾಗ ಎರಡನೇ ಸಲ ತುಳಿಯುವಷ್ಟು ಪುರುಸೊತ್ತು ಇರುವುದಿಲ್ಲ.

ಗ್ಯಾರೇಜಿಗೆ ಫೋನ್ ಮಾಡುವ ಮೊದಲು ನಿನ್ನ ಕಾಲಿನಿಂದಲೇ ಒಂದಿಷ್ಟು ತಿಳಿದುಕೊಳ್ಳಬಹುದು. ಕಾರು ನಿಂತಲ್ಲೇ ಇರಲಿ, ಚಕ್ರಕ್ಕೆ ಕಲ್ಲು ಕೊಡು. ಎಂಜಿನ್ ಆಫ್ ಇದ್ದಾಗಲೇ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿ. ಆಮೇಲೆ ಕಾಲನ್ನು ಅದರ ಮೇಲೇ ಇಟ್ಟುಕೊಂಡು ಎಂಜಿನ್ ಸ್ಟಾರ್ಟ್ ಮಾಡು. ಪೆಡಲ್ ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ. ಹಾಗಾದರೆ ಬೂಸ್ಟರ್, ಅಂದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಭಾಗ, ಕೆಲಸ ಮಾಡುತ್ತಿದೆ ಎಂದರ್ಥ. ಇದನ್ನೇ ದೋಷ ಅಂದುಕೊಂಡು, ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರನ್ನು ಸುಮ್ನೆ ಬದಲಿಸುವವರೂ ಇದ್ದಾರೆ. ಹೊಸದು ಹಾಕಿದ ಮೇಲೂ ಅಷ್ಟೇ ಇಳಿಯುತ್ತದೆ.

ಈಗ ಎಂಜಿನ್ ಓಡುತ್ತಿರುವಾಗಲೇ, ಜಾಸ್ತಿ ಜೋರಿಲ್ಲದೆ, ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿ. ಪೆಡಲ್ ಮೆಲ್ಲಗೆ ಜಾರುತ್ತಾ ನೆಲದ ಕಡೆಗೆ ಹೋಗುತ್ತಿದೆಯಾ? ಹಾಗಿದ್ದರೆ ಆಯಿಲ್ ಎಲ್ಲೋ ಒತ್ತಡ ಬಿಟ್ಟುಕೊಡುತ್ತಿದೆ. ಹೊರಗೆ ಎಲ್ಲೂ ಒಸರದೆ, ಡಬ್ಬಿಯಲ್ಲಿ ಆಯಿಲ್ ಕೂಡ ಇಳಿಯದೆ ಹೀಗಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಸವೆದಿರುವ ಸಂಭವ ಜಾಸ್ತಿ. ಜಾರುವುದಿಲ್ಲ, ಆದರೆ ಮೊದಲ ತುಳಿತಕ್ಕೆ ಆಳಕ್ಕೆ ಹೋಗಿ ಎರಡನೆಯದಕ್ಕೆ ಮೇಲೇ ಗಟ್ಟಿಯಾಗಿ ನಿಲ್ಲುತ್ತದೆ ಎಂದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೂ ಅದನ್ನು ಒಳಗಿನಿಂದ ಒತ್ತುವ ಶೂಗಳಿಗೂ ನಡುವಿನ ಅಂತರ ಹೆಚ್ಚಾಗಿರಬಹುದು. ಅದು ಬರೀ ಅಡ್ಜಸ್ಟ್ ಮಾಡುವ ಕೆಲಸ. ಪಂಪ್ ಮಾಡಿದರೆ ಮೇಲೇನೋ ಬರುತ್ತದೆ, ಆದರೆ ಎಷ್ಟು ಮಾಡಿದರೂ ಕಾಲಿನಡಿ ಪುಟಿಯುವುದು ಹೋಗುವುದಿಲ್ಲ ಎಂದರೆ ಆಯಿಲ್ ಹೋಗುವ ಲೈನಿನಲ್ಲಿ ಏರ್ ಹಿಡಿದಿದೆ. ನೀನು ಬರೆದದ್ದು ನೋಡಿದರೆ ನನಗೆ ಇದರ ಮೇಲೇ ಅನುಮಾನ.

ಏರ್ ಇದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಸೂಜಿ ಇಲ್ಲದ ಒಂದು ಸಿರಿಂಜು ತಗೋ. ನೀರು ತುಂಬಿ, ತುದಿಗೆ ಬೆರಳು ಒತ್ತಿ ಹಿಡಿದು ತಳ್ಳು. ಅಲ್ಲಾಡುವುದಿಲ್ಲ. ಒಂದು ಗುಳ್ಳೆ ಗಾಳಿ ಬಿಟ್ಟು ಮತ್ತೆ ತಳ್ಳು. ನೀನು ತಳ್ಳಿದ್ದೆಲ್ಲ ಆ ಗುಳ್ಳೆಯನ್ನು ಅದುಮುವುದಕ್ಕೇ ಖರ್ಚಾಗುತ್ತದೆ. ಬ್ರೇಕಿನಲ್ಲೂ ನಡೆಯುವುದು ಅದೇ.

ಮೊದಲು ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡು. ಪ್ಯಾಡ್ ಸವೆದ ಹಾಗೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಇದ್ದಕ್ಕಿದ್ದಂತೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಹಾಗಿರುವಾಗ ಮೇಲೆ ಸುರಿದು ಮುಚ್ಚಳ ಹಾಕಿ ಸುಮ್ಮನಾಗಬೇಡ, ಸೋರುವ ಜಾಗ ಹುಡುಕು. ಟೈರಿನ ಒಳಮೈ ಒದ್ದೆಯಾಗಿದೆಯಾ? ಹೋಸ್ ಸೇರುವ ಜಾಗ? ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂತಿರುವ ಸಂದು? ಡ್ರಮ್ ಬಿಚ್ಚಿದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಮೆಲ್ಲಗೆ ಎತ್ತಿ ನೋಡಬೇಕು. ಹೊರಗೆ ಒಣಗಿದ ಹಾಗೆ ಕಂಡರೂ ಅದರೊಳಗೆ ಆಯಿಲ್ ನಿಂತಿರಬಹುದು.

ಆಯಿಲ್ ವಿಷಯವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಜನ ಮರೆಯುವುದು ಇದನ್ನೇ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡಾ ಮೂರು ನಾಲ್ಕರಷ್ಟು ನೀರು ಸೇರಿದರೆ ಆ ಮಿತಿ 155ರ ಹತ್ತಿರಕ್ಕೆ ಬೀಳುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಬಂದರೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನಲ್ಲಿ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ತಣ್ಣಗಾದ ಮೇಲೆ ಮತ್ತೆ ಗಟ್ಟಿ. ಗ್ಯಾರೇಜಿನವರು ತುಳಿದು ನೋಡಿ ಎಲ್ಲಾ ಸರಿಯಾಗಿದೆ ಎನ್ನುತ್ತಾರೆ. ಹಾಗಾಗಿ ಮೆತ್ತಗಾಗುವುದು ಬಿಸಿಯಾದಾಗ ಮಾತ್ರವಾ ಎಂದು ಗಮನಿಸಿ ಅವರಿಗೆ ಹೇಳು. ಕಾರಿನ ಪುಸ್ತಕದಲ್ಲಿ ಯಾವ ಡಾಟ್ ಬರೆದಿದೆಯೋ ಅದನ್ನೇ ಹಾಕಿಸು. ಎಂಜಿನ್ ಆಯಿಲಿನ ಒಂದು ಹನಿಯೂ ಸೇರಬಾರದು, ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಹಾಳಾಗುತ್ತವೆ.

ಏರ್ ತೆಗೆಯುವ ಕೆಲಸವನ್ನು ಬಲ್ಲವರ ಜೊತೆಗೇ ಮಾಡು. ಜಾಕಿ ಒಂದನ್ನೇ ನಂಬಿ ಕಾರಿನಡಿ ಹೋಗಬೇಡ, ಸ್ಟ್ಯಾಂಡ್ ಇರಲೇಬೇಕು. ಚಕ್ರದ ಹಿಂದಿನ ಬ್ಲೀಡ್ ನಿಪ್ಪಲ್ಲಿಗೆ, ಅಂದರೆ ಏರ್ ಹೊರಬಿಡುವ ತಿರುಪಿಗೆ, ಒಂದು ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿ ಬಾಟಲಿಯಲ್ಲಿರುವ ಆಯಿಲಿನೊಳಗೆ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ರಿಂಗ್ ಸ್ಪ್ಯಾನರಿನಿಂದ ನಿಪ್ಪಲ್ ಸಡಿಲಿಸಬೇಕು. ಪೈಪಿನಲ್ಲಿ ಮೊದಲು ಕಂದು ಬಣ್ಣದ ಆಯಿಲ್ ಬರುತ್ತದೆ. ನಡುವೆ ಬಿಳಿ ಗುಳ್ಳೆಗಳ ಸಾಲು, ಆಮೇಲೆ ಬಿಡಿ ಬಿಡಿ ಗುಳ್ಳೆ, ಕೊನೆಗೆ ತಿಳಿಯಾದ ಆಯಿಲ್. ಪ್ರತಿ ಸಲವೂ ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿಯನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಡಬ್ಬಿ ಖಾಲಿಯಾಗಲು ಬಿಡಲೇಬೇಡ, ಮಾಡಿದ್ದೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ. ಹಳೇ ಕಾರಲ್ವಾ, ಪೆಡಲನ್ನು ಪೂರ್ತಿ ನೆಲದವರೆಗೂ ತುಳಿಯಬೇಡಿ. ಸಿಲಿಂಡರಿನಲ್ಲಿ ದಿನವೂ ಓಡಾಡದ ಜಾಗದಲ್ಲಿ ತುಕ್ಕು ಕಟ್ಟಿದ್ದರೆ ಸೀಲು ಅಲ್ಲಿ ಹರಿದುಹೋಗಬಹುದು. ಯಾವ ಚಕ್ರ ಮೊದಲು ಎಂಬುದು ಎಲ್ಲಾ ಕಾರಿಗೂ ಒಂದೇ ಅಲ್ಲ. ಮಾಸ್ಟರ್ ಸಿಲಿಂಡರಿಗೆ ದೂರದ್ದರಿಂದ ಶುರು ಮಾಡುವುದು ರೂಢಿ, ಆದರೂ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಪಾಲಿಸಿ. ಕಾರಿನ ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು.

ಇಷ್ಟಾದರೂ ಮೆತ್ತಗೇ ಇದ್ದರೆ ನಿಪ್ಪಲ್ ಕ್ಯಾಲಿಪರಿನ ಮೇಲ್ಭಾಗದಲ್ಲಿದೆಯಾ ನೋಡು. ಯಾರೋ ಎಡ ಬಲ ಅದಲುಬದಲು ಕೂರಿಸಿದ್ದರೆ ನಿಪ್ಪಲ್ ಕೆಳಗೆ ಬಂದಿರುತ್ತದೆ. ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಸಲ ತೆಗೆದರೂ ಹೋಗುವುದಿಲ್ಲ. ಒಬ್ಬರು ತುಳಿಯುವಾಗ ರಬ್ಬರ್ ಹೋಸನ್ನೂ ಮುಟ್ಟಿ ನೋಡು, ಉಬ್ಬುತ್ತಿದ್ದರೆ ಬದಲಿಸಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಅದರ ಯೂನಿಟ್ಟಿನೊಳಗೆ ಗಾಳಿ ಸೇರಿದರೆ ಅನೇಕ ಸಲ ಸ್ಕ್ಯಾನರ್ ಹಾಕಿಯೇ ತೆಗೆಯಬೇಕಾಗುತ್ತದೆ. ಅದನ್ನು ಮನೆಯಲ್ಲಿ ಪ್ರಯತ್ನಿಸಬೇಡ.

ಕೆಲಸ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ನಂತರವೇ ಗೇರಿಗೆ ಹಾಕು. ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡು. ಆಮೇಲೆ ನಿಪ್ಪಲ್ಲುಗಳ ಸುತ್ತ ಒಮ್ಮೆ ಬೆರಳಾಡಿಸು, ಒಣಗಿರಬೇಕು.

ಅರ್ಧ ನಿಮಿಷ ಒತ್ತಿ ಹಿಡಿಯುವ ಪರೀಕ್ಷೆಯನ್ನು ಇವತ್ತೇ ಮಾಡಿ, ಜಾರಿತೋ, ಪುಟಿಯಿತೋ, ಎರಡನೇ ಸಲಕ್ಕೆ ಗಟ್ಟಿಯಾಯಿತೋ ನನಗೆ ತಿಳಿಸು. ಅಲ್ಲಿಯವರೆಗೆ ಕೀಲಿಯನ್ನು ಯಾರಿಗೂ ಕೊಡಬೇಡ, ಪಕ್ಕದ ಬೀದಿಗೆ ಹೋಗಿ ಬರುತ್ತೇವೆ ಎಂದರೂ ಸರಿ.

ನಿನ್ನ,
ದೊಡ್ಡಪ್ಪ