ಆ ಒಂದು ಸಾಲು

ಚಿ. ಸುಮಂತನಿಗೆ ಮಾವನ ಆಶೀರ್ವಾದ.

ನಿನ್ನ ಮೇಲ್ ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಇಲ್ಲಿನ ಸುದ್ದಿ ನಿಮ್ಮಮ್ಮ ಹೇಳಿರುತ್ತಾಳೆ, ಅದು ಬಿಡು. ಕೊನೆಗೆ ಬರೆದಿದ್ದೀಯಲ್ಲ, "ವೋಟು, ಪಾರ್ಲಿಮೆಂಟು ಎಲ್ಲ ಹೊಟ್ಟೆ ತುಂಬಿದವರಿಗೆ ಮಾವ, ನಮ್ಮಂಥವರಿಗೆ ಒಬ್ಬ ಗಟ್ಟಿ ಆಳು ಬಂದರೆ ಸಾಕು" ಅಂತ. ಎರಡು ರಾತ್ರಿ ನಿದ್ದೆ ಬಂದಿಲ್ಲ. ಬರ್ಲಿನ್ನಲ್ಲಿ ಕೂತು ಈ ಮಾತು ಬರೆದೆಯಲ್ಲೋ!

ಕೆಲಸ ಹೋದವನಿಗೆ ಪಾಠ ಹೇಳಬಾರದು. ಆದರೆ ಮೂವತ್ತು ವರ್ಷ ಹಿಸ್ಟರಿ ಹೇಳಿದ ಬಾಯಿ ಇದು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಜರ್ಮನ್ ಮಾರ್ಕು ಅಂತ ಬೋರ್ಡಿನ ಮೇಲೆ ಸೊನ್ನೆ ಬರೆಯುತ್ತಾ ಹೋದರೆ ಹುಡುಗರು ನಗುತ್ತಿದ್ದರು. ಅವತ್ತಿನ ಜರ್ಮನರಿಗೆ ನಗು ಬರಲಿಲ್ಲ. ಸಂಬಳ ಕೈಗೆ ಬಂದ ಕೂಡಲೇ ಅಂಗಡಿಗೆ ಓಡಬೇಕು, ಸಂಜೆಗೆ ಬೆಲೆ ಬೇರೆ. ಆದರೂ ಆಗ ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎದ್ದು ಸೋತ. 1928ರಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಬರೀ 2.6 ಪರ್ಸೆಂಟ್ ಮತ.

ಸಿಟ್ಟು ಮಾತ್ರ ಒಳಗೇ ಕುದಿಯುತ್ತಿತ್ತು. ಮೊದಲನೇ ಮಹಾಯುದ್ಧದಲ್ಲಿ ಸೈನ್ಯ ಸೋಲಲೇ ಇಲ್ಲ, ಯಹೂದಿಗಳೂ ಎಡಪಂಥೀಯರೂ ಬೆನ್ನಿಗೆ ಚೂರಿ ಹಾಕಿದರು ಅನ್ನೋ ಸುಳ್ಳನ್ನು ಎಷ್ಟೋ ಜನ ನಂಬಿದ್ದರು. ಗೆದ್ದವರು ಆಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದದ ಅವಮಾನ ಬೇರೆ. 1929ರ ನಂತರ ಅಮೆರಿಕದ ಸಾಲ ನಿಂತಿತು. 1932ರ ಹೊತ್ತಿಗೆ 60 ಲಕ್ಷ ಜನ ಕೆಲಸವಿಲ್ಲದವರು. ಅದೇ ಜುಲೈನಲ್ಲಿ ಹಿಟ್ಲರನ ಪಕ್ಷಕ್ಕೆ 37.3 ಪರ್ಸೆಂಟ್ ಮತ!

ಒಂದು ಮಾತು ನಾನು ಕ್ಲಾಸಿನಲ್ಲಿ ಸರಿಯಾಗಿ ಹೇಳಲೇ ಇಲ್ಲ. ಕೆಲಸ ಕಳಕೊಂಡವರ ಮತ ಜಾಸ್ತಿ ಕಮ್ಯುನಿಸ್ಟರಿಗೆ ಹೋಗಿತ್ತು. ಹಿಟ್ಲರನ ಕಡೆ ವಾಲಿದ್ದು ಸಣ್ಣ ಅಂಗಡಿಯವರು, ರೈತರು, ನಾಳೆ ನಮ್ಮ ಗತಿ ಏನು ಅಂತ ಹೆದರಿದವರು. ಅಷ್ಟಾದರೂ ಬಹುಮತ ಬರಲಿಲ್ಲ. ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಅಂದುಕೊಂಡ ದೊಡ್ಡವರೇ 1933ರ ಜನವರಿ 30ಕ್ಕೆ ಚಾನ್ಸೆಲರ್, ಅಂದರೆ ಪ್ರಧಾನಿ, ಕುರ್ಚಿ ಕೊಡಿಸಿದರು. ಎರಡೇ ತಿಂಗಳಲ್ಲಿ ಪಾರ್ಲಿಮೆಂಟಿನ ಕೈ ಕಟ್ಟಿಹೋಯಿತು.

ಗಟ್ಟಿ ಆಳು ಅಂದೆಯಲ್ಲ. ನನಗೂ ಹಾಗೆ ಅನಿಸಿತ್ತು ಪುಟ್ಟಾ. ಜರ್ಮನಿಯದೂ ನಮ್ಮದೂ ಒಂದೇ ಅಂತಲ್ಲ. 1975ರಲ್ಲಿ ಡಿಗ್ರಿ ಮುಗಿಸಿ ಖಾಲಿ ಕೂತಿದ್ದೆ. ಎಮರ್ಜೆನ್ಸಿ ಬಂತು, ರೈಲು ಟೈಮಿಗೆ ಸರಿಯಾಗಿ ಬರ್ತಿದೆ ಅಂತ ಕಟ್ಟೆ ಮೇಲೆ ಕೂತು ಹೊಗಳಿದ್ದೆ. ನಮ್ಮ ಬೀದಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರೊಬ್ಬರನ್ನು ಒಂದು ರಾತ್ರಿ ಪೊಲೀಸರು ಕರಕೊಂಡು ಹೋದರು. ಬೆಳಿಗ್ಗೆ ಅವರ ಹೆಂಡತಿ ಬಾಗಿಲಿಗೆ ಬಂದು, "ಒಂದು ಅರ್ಜಿ ಬರಕೊಡಪ್ಪ" ಅಂದರು. ಪೆನ್ನಿನಲ್ಲಿ ಇಂಕಿಲ್ಲ ಅಂದೆ. ಅವರು ನನ್ನ ಜೇಬು ನೋಡಿದರು. ನೀಲಿ ಕಲೆ ಆಗಿತ್ತು, ಅವತ್ತಷ್ಟೇ ಇಂಕು ತುಂಬಿಸಿದ್ದೆ. ಅವರ ಯಜಮಾನರು ವಾಪಸು ಬಂದಮೇಲೆ ನನಗೆ ಎಂದಿನಂತೆ ನಮಸ್ಕಾರ ಹೇಳಿದರು. ಅದನ್ನೇ ತಡೆಯೋಕೆ ಆಗಲಿಲ್ಲ.

ನಿನಗೇನು ಹೇಳಲಿ? ರಾತ್ರಿ ಒಬ್ಬನೇ ಫೋನ್ ನೋಡ್ತಾ ಕೂರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿ ಪಾರ್ಲಿಮೆಂಟ್ ಕಟ್ಟಡದ ಹತ್ತಿರ ಸಾಲಾಗಿ ನಿಲ್ಲಿಸಿದ 96 ಹಲಗೆಗಳಿವೆಯಂತೆ, ಹಿಟ್ಲರನ ಕಾಲದಲ್ಲಿ ಕೊಲೆಯಾದ ಪಾರ್ಲಿಮೆಂಟ್ ಸದಸ್ಯರ ನೆನಪಿಗೆ. ಭಾನುವಾರ ಬಿಡುವಾದರೆ ನೋಡಿ ಬಾ, ಬೇಜಾರಾದರೆ ಬೇಡ. ಬಾಡಿಗೆಗೆ ಸಾಲದಿದ್ದರೆ ಕೇಳು, ನಿಮ್ಮಮ್ಮನಿಗೆ ಹೇಳಲ್ಲ.

ಆ ಸಾಲು ಬೇಜಾರಿನಲ್ಲಿ ಬಂದದ್ದೋ, ನಿಜವಾಗಿ ಹಾಗೆ ಅನಿಸುತ್ತೋ? ಅದೊಂದು ಬರೆ.

ನಿನ್ನ ಮಾವ