ಫೋಟೊದಲ್ಲಿ ಇಲ್ಲದವರಿಗೆ

ತಂಗಿಯ ಮದುವೆ ಆಗಿ ಒಂದು ತಿಂಗಳಾಯಿತು. ಮೊನ್ನೆ ಆಲ್ಬಮ್ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದಳು. "ಎಲ್ಲಾ ಚೆಂದ ಬಂದಾವ. ಆದ್ರ ಮದುವಿ ಮಾಡಿಸಿದವರು ಯಾರೂ ಇದ್ರಾಗ ಇಲ್ಲಲ್ಲ" ಅಂದಳು. ಹೌದು, ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮದುವೆ ಮಾತು ಶುರುವಾದಾಗ ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅಮ್ಮ, ನಾನು, ತಂಗಿ. ಹುಡುಗ ರಾಯಚೂರಿನವನು, ಮೆಥಡಿಸ್ಟ್ ಸಭೆಯವನು, ಅಂದರೆ ಪ್ರೊಟೆಸ್ಟಂಟರ ಒಂದು ಪಂಗಡದವನು. ನಾವು ಬಳ್ಳಾರಿಯ ಕಥೋಲಿಕರು. ಎರಡೂ ಕಡೆಯವರು ಕ್ರೈಸ್ತರೇ ಅಲ್ವಾ, ಒಂದು ದಿನ ಗೊತ್ತು ಮಾಡಿದರೆ ಆಯ್ತು ಅಂದುಕೊಂಡಿದ್ದೆ. ಜನವರಿಯಲ್ಲಿ ಫಾದರ್ ಹತ್ತಿರ ಹೋದಾಗ ಅವರು ಮೊದಲು ಕ್ಯಾಲೆಂಡರ್ ತೆಗೆದರು. ಫೆಬ್ರವರಿ 18 ಬೂದಿ ಬುಧವಾರ. ಅಲ್ಲಿಂದ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸ, ಪ್ರಾರ್ಥನೆಯ ದಿನಗಳು. ಪಾಸ್ಕ ಹಬ್ಬ, ಅಂದರೆ ಈಸ್ಟರ್, ಏಪ್ರಿಲ್ 5. ಆ ನಡುವೆ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವ ರೂಢಿ ಇಲ್ಲ. ಅದಕ್ಕೂ ಮೊದಲು ಉಳಿದಿದ್ದ ವಾರಗಳಲ್ಲಿ ಕಾಗದಪತ್ರ ಆಗುವ ಮಾತೇ ಇಲ್ಲ. ಹಾಗಾಗಿ ಏಪ್ರಿಲ್ ಮೂರನೆಯ ವಾರ ಅಂತ ಆಯಿತು. ಬಳ್ಳಾರಿಯ ಏಪ್ರಿಲ್! ಗೊತ್ತಿದ್ದವರಿಗೆ ಗೊತ್ತು.

ಕಾಗದಪತ್ರದ ಕಥೆ ಸ್ವಲ್ಪ ಉದ್ದ. ತಂಗಿಯ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪತ್ರವನ್ನು ಅಪ್ಪ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು. ಜೋರಾಗಿ ತೆಗೆದುಕೊಂಡು ಹೋದೆ. ಅದು ನಡೆಯುವುದಿಲ್ಲವಂತೆ. ಮದುವೆಗೆ ಕೊಡುವ ಪತ್ರ ಆರು ತಿಂಗಳ ಒಳಗಿನದಾಗಿರಬೇಕು. ಕಾರಣ ಕೇಳಿದ ಮೇಲೆ ಸರಿ ಅನ್ನಿಸಿತು. ಕಥೋಲಿಕರ ಮದುವೆ ಎಲ್ಲಿಯೇ ಆಗಲಿ, ದೀಕ್ಷಾಸ್ನಾನ ಆದ ಚರ್ಚಿಗೆ ಸುದ್ದಿ ಹೋಗುತ್ತದೆ. ಅಲ್ಲಿನ ರಿಜಿಸ್ಟರಿನಲ್ಲಿ ಆ ಹೆಸರಿನ ಪಕ್ಕದ ಅಂಚಿನಲ್ಲಿ ಮದುವೆಯನ್ನೂ ಬರೆಯುತ್ತಾರೆ. ಹೊಸ ಪತ್ರದಲ್ಲಿ ಅಂಚು ಖಾಲಿ ಇದೆ ಅಂದರೆ ಹುಡುಗಿಗೆ ಮೊದಲೇ ಮದುವೆ ಆಗಿಲ್ಲ ಅಂತ ಅರ್ಥ.

ನಮ್ಮ ರಿಜಿಸ್ಟರ್ ಇರುವುದು ಮುದಗಲ್ಲಿನಲ್ಲಿ. ಅಮ್ಮನ ತವರು ಅದು, ಹೆರಿಗೆ ಅಲ್ಲೇ ಆಗಿತ್ತು. ಮುದಗಲ್ ಅಂದರೆ ಜನಕ್ಕೆ ಕೋಟೆ, ಮೊಹರಂ ನೆನಪಾಗುತ್ತದೆ. ಆದಿಲ್‌ಶಾಹಿಗಳ ಕಾಲದಿಂದ, ಅಂದರೆ 16ನೇ ಶತಮಾನದಿಂದ ಅಲ್ಲಿ ಕ್ರೈಸ್ತರಿದ್ದಾರೆ ಅಂತ ಹೇಳಿದರೆ ಇವತ್ತಿಗೂ ಹುಬ್ಬೇರಿಸುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿ ಸಿರುಗುಪ್ಪ, ಸಿಂಧನೂರು ದಾಟಿ, ಲಿಂಗಸುಗೂರಿನಲ್ಲಿ ಇಳಿದು ಬಸ್ಸು ಬದಲಿಸಿ ಹೋದೆ. ಅಲ್ಲಿನ ಆಫೀಸಿನಲ್ಲಿ ಕೂತಿದ್ದವರು ವಯಸ್ಸಾದ ಒಬ್ಬ ಉಪದೇಶಿ, ಅಂದರೆ ಚರ್ಚಿನಲ್ಲಿ ಧರ್ಮಬೋಧನೆ ಮಾಡುವವರು. ಆಧಾರ್ ನೋಡಿದರು, ರಿಜಿಸ್ಟರ್ ತೆಗೆದರು. ಆ ಹೆಸರಿಲ್ಲ, ಆ ತಾರೀಖೂ ಇಲ್ಲ.

ಆಧಾರ್‌ನಲ್ಲಿ ತಂಗಿ ಹುಟ್ಟಿದ ದಿನ ಜೂನ್ 1. ನಮ್ಮ ಕಡೆ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು ಬಿಡಿ, ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದುಕೊಂಡ ದಿನ ಅದು. ಹೆಸರೂ ಶಾಲೆಯದೇ. ಉಪದೇಶಿ ಅಜ್ಜ ಹಾಳೆ ತಿರುವುತ್ತಲೇ ಹೋದರು. ಮಧ್ಯಾಹ್ನವಾಯಿತು. ನಾನು ನಾಳೆ ಬರುತ್ತೇನೆ ಅಂದೆ. "ಬಳ್ಳಾರಿಂದ ಮತ್ತ ಬರ್ತೀಯಾ? ಕುಂದ್ರು ಯವ್ವಾ" ಅಂದರು. ಕೊನೆಗೆ ಅಪ್ಪನ ಹೆಸರು ಹಿಡಿದು ಹುಡುಕಿದರು. ಸಿಕ್ಕಿತು, ಫೆಬ್ರವರಿಯಲ್ಲಿ, ನಮ್ಮ ಅಜ್ಜಿಯ ಹೆಸರಿನಲ್ಲಿ. ಸರ್ಕಾರದ ಲೆಕ್ಕದಲ್ಲಿ ನನ್ನ ತಂಗಿಗೆ ಹುಟ್ಟುವ ನಾಲ್ಕು ತಿಂಗಳು ಮೊದಲೇ ದೀಕ್ಷಾಸ್ನಾನ ಆಗಿತ್ತು! ಅಜ್ಜ ನಕ್ಕ ನಗುವಿಗೆ ಅವರ ಎಲೆ-ಅಡಿಕೆ ರಿಜಿಸ್ಟರಿನ ಮೇಲೆ ಬೀಳುವುದೊಂದು ಬಾಕಿ. ಎರಡೂ ಹೆಸರು ಒಬ್ಬಳದೇ ಅಂತ ದೀಕ್ಷಾಸ್ನಾನದಲ್ಲಿ ಅವಳ ಜ್ಞಾನತಾಯಿಯಾಗಿ (ಗಾಡ್‌ಮದರ್) ನಿಂತಿದ್ದ ನಮ್ಮ ಸೋದರತ್ತೆಯಿಂದ ಬರೆಸಿಕೊಂಡು ಸಹಿ ಹಾಕಿಸಿದರು. ಆ ಬಿಸಿಲಲ್ಲಿ ಅತ್ತೆಯ ಮನೆಗೆ ನನ್ನ ಜೊತೆ ನಡೆದುಕೊಂಡೇ ಬಂದರು. ಹಣ ಕೊಡಲು ಹೋದೆ, ಕೈ ಹಿಂದೆ ಕಟ್ಟಿಕೊಂಡರು.

ಇತ್ತ ರಾಯಚೂರಿನಲ್ಲಿ ಬೇರೆಯೇ ಗುಸುಗುಸು ಎದ್ದಿತ್ತು. ಹುಡುಗನನ್ನು ಕಥೋಲಿಕ ಮಾಡಿಸುತ್ತಾರಂತೆ ಅಂತ ಯಾರೋ ಬೀಗರ ಕಿವಿಗೆ ಹಾಕಿದ್ದರು. ನಾನು ಫೋನಿನಲ್ಲಿ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಫಾದರ್ ತಾವೇ ರಾಯಚೂರಿಗೆ ಹೋದರು. ಬೀಗರ ಮನೆಯಲ್ಲಿ ಚಹಾ ಕುಡಿದು, ಕೂತು ಬಿಡಿಸಿ ಹೇಳಿದರು. ಬೇರೆ ಸಭೆಯವರ ಜೊತೆ ಮದುವೆಯಾಗಲು ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಕಥೋಲಿಕ ದೀಕ್ಷಾಸ್ನಾನ ಕೊಡಿಸಲು ತನ್ನ ಕೈಲಾದಷ್ಟು ಮಾಡುತ್ತೇನೆ ಅಂತ ಹುಡುಗಿ ಮಾತು ಕೊಡಬೇಕು. ಹೀಗೊಂದು ಮಾತು ಕೊಟ್ಟಿದ್ದಾಳೆ ಅನ್ನುವುದು ಹುಡುಗನಿಗೆ ಗೊತ್ತಿರಬೇಕು. ಅವನು ಸಭೆ ಬಿಡಬೇಕಿಲ್ಲ. ಅವರ ಪಾಸ್ಟರ್ ಕೂಡ ಮದುವೆಗೆ ಬಂದು ಬೈಬಲ್ ಓದಬಹುದು, ಪ್ರಾರ್ಥನೆ ಮಾಡಬಹುದು. ಒಪ್ಪಿಗೆಯ ಮಾತು ಹೇಳಿಸುವುದು ಮಾತ್ರ ಫಾದರ್ ಒಬ್ಬರೇ. ಪಾಸ್ಟರ್ ಅದಕ್ಕೆ ಸಂತೋಷದಿಂದ ಒಪ್ಪಿದರಂತೆ. "ಬಳ್ಳಾರಿಯ ಋಣ ನಮ್ಮ ಮೇಲೆ ಮೊದಲೇ ಇದೆ" ಅಂದರಂತೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲಿದ್ದುಕೊಂಡೇ ಕನ್ನಡಕ್ಕೆ ಬೈಬಲ್ ತಂದ ವಿಷಯ ಅದು. 1831ರಲ್ಲಿ ಪೂರ್ತಿ ಬೈಬಲ್ ಹೊರಬಂತು. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ!

ಅಮ್ಮನಿಗೆ ಬೇರೆ ಸಂಕಟ. ಇಂಥ ಮದುವೆಯಲ್ಲಿ ಸಾಮಾನ್ಯವಾಗಿ ಬಲಿಪೂಜೆ (ಮಾಸ್) ಇಡುವುದಿಲ್ಲ. ವಾಚನ, ಪ್ರಬೋಧನೆ, ಒಪ್ಪಿಗೆ, ಉಂಗುರ, ಆಶೀರ್ವಾದ, ಅಷ್ಟೇ. "ಪೂಜಿ ಇಲ್ಲದ ಮದುವಿ ಎಂಥ ಮದುವಿ?" ಅಂತ ಎರಡು ದಿನ ಊಟ ಬಿಟ್ಟಳು. ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ನಮ್ಮಲ್ಲಿ ಸಾಮಾನ್ಯವಾಗಿ ಕಥೋಲಿಕರಷ್ಟೇ ತೆಗೆದುಕೊಳ್ಳುತ್ತಾರೆ. ಫಾದರ್ ಮನೆಗೆ ಬಂದು ಒಂದೇ ಮಾತು ಕೇಳಿದರು: "ಅಮ್ಮಾ, ನೀವೆಲ್ಲ ಪರಮಪ್ರಸಾದಕ್ಕೆ ಎದ್ದು ಹೋಗ್ತೀರಿ. ಅಳಿಯ, ಅವರ ಮನೆಯವರು ಬೆಂಚಿನಲ್ಲೇ ಕೂತಿರಬೇಕು. ಮೊದಲನೇ ದಿನವೇ ಹಾಗೆ ಕೂರಿಸ್ತೀರಾ?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತಟ್ಟೆ ಹಾಕು ಅಂದಳು.

ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಆಯಿತು, ಯಾರ ತಕರಾರೂ ಬರಲಿಲ್ಲ. ಮದುವೆ ತಯಾರಿಯ ಕೋರ್ಸಿಗೆ ಇಬ್ಬರೂ ಹೋಗಿ ಬಂದರು. ಬಿಸಿಲಿಗೆ ಹೆದರಿ ರಾತ್ರಿ ಎಂಟಕ್ಕೆ ಇಡೋಣವೇ ಅಂತ ಕೇಳಿದ್ದೆ. 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಏಳರ ಒಳಗೆ ಅಂತ ಇದೆ, ಅದು ಮೀರಿದರೆ ವಿಶೇಷ ಪರವಾನಗಿ ಬೇಕು, ಅದೆಲ್ಲ ಯಾಕೆ, ಐದಕ್ಕೆ ಇಡಿ ಅಂದರು ಫಾದರ್. ಐದಕ್ಕೇ ಇಟ್ಟೆವು.

ಕ್ವಾಯರ್ ಹುಡುಗರಿಗೆ ಏನು ಹೇಳಲಿ? ಎರಡು ವಾರ, ದಿನಾ ಸಂಜೆ ತಾಲೀಮು. ರಾಯಚೂರಿನಿಂದ ಬಂದ ನಾಲ್ವರು ನಮ್ಮವರ ಜೊತೆ ಹಾಡಬೇಕಿತ್ತು. ನಾವು "ಪ್ರಭು" ಅಂತೀವಿ, ಅವರು "ಕರ್ತ" ಅಂತಾರೆ. ಒಂದೇ ಸಾಲಿನಲ್ಲಿ ಎರಡೂ ಬಂದು ನಗುವೋ ನಗು. ಇವರೆಲ್ಲ ನನ್ನಿಂದ ತೆಗೆದುಕೊಂಡಿದ್ದು ತಾಲೀಮಿನ ನಂತರದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾತ್ರ. ಮಿರ್ಚಿ ಲೆಕ್ಕ ಇಡಲಿಲ್ಲ, ಇಟ್ಟಿದ್ದರೆ ಗಾಬರಿಯಾಗುತ್ತಿತ್ತು.

ಪಕ್ಕದ ಮನೆ ಚಾಚಿ ದಿನವಿಡೀ ಜೀನ್ಸ್ ಹೊಲಿಯುವವರು. ತಂಗಿಯ ಬಿಳಿ ರವಿಕೆ ಕೊನೇ ಗಳಿಗೆಯಲ್ಲಿ ಬಿಗಿಯಾಯಿತು. ರಾತ್ರಿ ಹನ್ನೊಂದಕ್ಕೆ ಬಿಚ್ಚಿ ಮತ್ತೆ ಹೊಲಿದು ಕೊಟ್ಟರು. "ಜೀನ್ಸ್ ಹೊಲಿಗೆ ಹಾಕೀನಿ, ಈ ಜನ್ಮದಾಗ ಹರಿಯಲ್ಲ" ಅಂದರು.

ಮದುವೆ ದಿನ ಬೆಳಿಗ್ಗೆ ಹೂವಿನ ಅಲಂಕಾರದವರು ಬರಲೇ ಇಲ್ಲ. ಮುಂಗಡ ತೆಗೆದುಕೊಂಡಿದ್ದರು, ಫೋನ್ ಆಫ್. ನಾನು ಚರ್ಚ್ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಯುವಕ ಸಂಘದ ಹುಡುಗರು ಎರಡು ಬೈಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಸಿಕ್ಕಷ್ಟು ಸುಗಂಧರಾಜ, ಸೇವಂತಿಗೆ ತಂದರು. ಕಾನ್ವೆಂಟಿನ ಸಿಸ್ಟರ್‌ಗಳು ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಪೀಠ ಸಿಂಗರಿಸಿದರು. ಆಲ್ಬಮ್ಮಿನಲ್ಲಿ ಆ ಹೂವು ಎಷ್ಟು ಚೆನ್ನಾಗಿ ಕಾಣುತ್ತದೆ!

ಅವರಲ್ಲಿ ಹಿರಿಯ ಸಿಸ್ಟರ್ ಒಬ್ಬರಿಗೆ ಬೇರೆಯಾಗಿಯೇ ಹೇಳಬೇಕು. ತಂಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಲು ಅಪ್ಪ ಇಲ್ಲ. ಅಮ್ಮ ಬಾಗಿಲ ಹಿಂದೆ ನಿಂತುಬಿಟ್ಟಳು. ಗಂಡ ಹೋದವಳು ಮುಂದೆ ಬರಬಾರದು ಅಂತ, ಚಿಕ್ಕಪ್ಪ ಕರೆದುಕೊಂಡು ಹೋಗಲಿ ಅಂತ. ಸಿಸ್ಟರ್ ವಾದ ಮಾಡಲಿಲ್ಲ. ಅಮ್ಮನ ಸೆರಗು ಸರಿ ಮಾಡಿದರು. ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದರು. ತಂಗಿಯ ಕೈಯನ್ನು ಅವಳ ಕೈಯಲ್ಲಿಟ್ಟು ಬೆನ್ನು ತಟ್ಟಿದರು. ಅಮ್ಮ ನಡೆದಳು. ಆ ಫೋಟೊ ಆಲ್ಬಮ್ಮಿನ ಮುಖಪುಟದಲ್ಲಿದೆ. ಸರಿಯಾಗಿ ನೋಡಿದರೆ ಬಾಗಿಲ ಹತ್ತಿರ ಸಿಸ್ಟರ್ ಅವರ ಅರ್ಧ ತೋಳು ಕಾಣುತ್ತದೆ.

ಫಾದರ್, ಸಿಸ್ಟರ್, ಪಾಸ್ಟರ್, ಚಾಚಿ, ಕ್ವಾಯರಿನ ಮಕ್ಕಳೇ, ಬೈಕಿನ ಹುಡುಗರೇ, ನಮಸ್ಕಾರ. ಹೆಸರು ಹಾಕಬೇಡ ಅಂದಿದ್ದೀರಿ, ಹಾಕಿಲ್ಲ.

ನಿನ್ನೆ ಸಂಜೆ ಮುದಗಲ್ಲಿನಿಂದ ಮೊಬೈಲಿಗೆ ಒಂದು ಫೋಟೊ ಬಂತು. ಹಳೇ ರಿಜಿಸ್ಟರಿನ ಹಾಳೆ. ಅಜ್ಜಿಯ ಹೆಸರು, ಅಪ್ಪನ ಹೆಸರು, ಪಕ್ಕದ ಅಂಚಿನಲ್ಲಿ ಹೊಸ ನೀಲಿ ಶಾಯಿಯಲ್ಲಿ ಮದುವೆಯ ತಾರೀಖು, ಬಳ್ಳಾರಿ, ಅಳಿಯನ ಹೆಸರು. ಕೆಳಗೆ ಅಜ್ಜ ಧ್ವನಿಸಂದೇಶ ಕಳಿಸಿದ್ದರು: "ಬರದೀನಿ ನೋಡವ್ವಾ. ಮುಂದಿನ ಸಲ ಜೋಡೀನ ಕರಕೊಂಡು ಬಾ, ಊಟಕ್ಕ ನಮ್ಮ ಮನೀಗೇ ಬರಬೇಕು."

ಅಮ್ಮ ಅದನ್ನು ಪ್ರಿಂಟ್ ಹಾಕಿಸಿಕೊಂಡು ಬಾ ಅಂದಿದ್ದಾಳೆ, ಆಲ್ಬಮ್ಮಿನ ಕೊನೇ ಹಾಳೆಗೆ ಅಂಟಿಸಲು.